ಮಿದುಳನ್ನು ಬಾಧಿಸುವ ಸೋಂಕುಗಳು: ಗ್ರಾಮ ಪಂಚಾಯತ್ ಸದಸ್ಯರ ಹೊಣೆ



ಎಚ್‌ಐವಿ ಎಂದೊಡನೆ ದೇಹ ಸೊರಗುವುದು, ಕ್ಷಯರೋಗ ತಗಲುವುದು ಜನರ ನೆನಪಿಗೆ ಬರುತ್ತದೆ. ಅದು ಮಿದುಳಿಗೂ ಅಪಾಯ ತರಬಲ್ಲದೆಂಬ ಅರಿವು ಕಡಿಮೆ. ಚಿಕಿತ್ಸೆಯಿಲ್ಲದೆ ಸಿಡಿ4 ಕಣಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದಾಗ, ದೇಹದಲ್ಲಿ ಸುಪ್ತವಾಗಿದ್ದ ವೈರಾಣುಗಳು ತಲೆಯೆತ್ತುತ್ತವೆ. ಇವುಗಳನ್ನೇ ಅವಕಾಶವಾದಿ ಸೋಂಕುಗಳೆನ್ನುತ್ತಾರೆ.

ಜೆಸಿ ವೈರಾಣು ಇಂಥದ್ದೊಂದು. ಬಹಳಷ್ಟು ಜನರಿಗೆ ಚಿಕ್ಕಂದಿನಲ್ಲೇ ಅಂಟಿ ನಿರುಪದ್ರವಿಯಾಗಿ ಉಳಿಯುವ ಇದು, ನಿರೋಧಕ ಶಕ್ತಿ ಕುಸಿದಾಗ ಮಿದುಳಿನ ನರತಂತುಗಳ ಹೊದಿಕೆಯನ್ನು ನಾಶಪಡಿಸುತ್ತದೆ. ಕವಚ ಕಳಚಿದ ವಿದ್ಯುತ್ ತಂತಿಯಂತೆ ನರಗಳು ಕೆಲಸಕ್ಕೆ ಬಾರದಾಗುತ್ತವೆ. ಕೆಲವೇ ವಾರಗಳಲ್ಲಿ ಒಂದು ಬದಿಯ ಕೈಕಾಲು ಸೋಲುತ್ತದೆ, ಮಾತು ತೊದಲುತ್ತದೆ, ನಡವಳಿಕೆ ಬದಲಾಗುತ್ತದೆ. ಈ ಕಾಯಿಲೆ ಭಾರತದಲ್ಲಿ ವಿರಳವೆಂದು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 2003ರಲ್ಲಿ ಬರೆದಿದ್ದರು. ವಿರಳವಾದರೂ ಮಾರಕ, ಈ ವೈರಾಣುವಿಗೆಂದೇ ಔಷಧಿಯಿಲ್ಲ. ಎಆರ್‌ಟಿ ಮಾತ್ರೆಗಳಿಂದ ನಿರೋಧಕ ಶಕ್ತಿಯನ್ನು ಮರಳಿ ಪಡೆಯುವುದೊಂದೇ ದಾರಿ. ಸಿಡಿ4 50ಕ್ಕಿಂತ ಕೆಳಗಿಳಿದವರಲ್ಲಿ ಸೈಟೊಮೆಗಲೋ ವೈರಾಣು ಕಣ್ಣಿನ ಅಕ್ಷಿಪಟವನ್ನು ಕೆಡಿಸಿ ಕುರುಡು ತರಬಹುದು. ಇದಕ್ಕೆ ಔಷಧಿಯುಂಟು, ಆದರೆ ಹೋದ ದೃಷ್ಟಿ ಮರಳುವುದಿಲ್ಲ.

ಈ ಲಕ್ಷಣಗಳನ್ನು ಕುಡಿತದ ಪರಿಣಾಮವೆಂದೋ, ಬುದ್ಧಿಭ್ರಮಣೆಯೆಂದೋ, ದೈವದ ಮುನಿಸೆಂದೋ ಭಾವಿಸಿ ಪ್ರಶ್ನೆ ಇಡಿಸುತ್ತ ಕೂತರೆ ಚಿಕಿತ್ಸೆಯ ಕಾಲ ಕೈತಪ್ಪುತ್ತದೆ. ಆದ್ದರಿಂದ ಸದಸ್ಯರ ಮುಂದಿರುವ ಕಾರ್ಯಗಳು ಮೂರು.

ಒಂದು: ಗ್ರಾಮದ ಯಾರಲ್ಲೇ ಇಂಥ ಲಕ್ಷಣ ಕಂಡರೂ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಕಾರಣ ಹುಡುಕುವುದು ವೈದ್ಯರ ಕೆಲಸ. ರೋಗಿಗೆ ಎಚ್‌ಐವಿ ಇದೆಯೇ ಎಂದು ಸದಸ್ಯರು ತಿಳಿಯಬೇಕಾಗಿಯೇ ಇಲ್ಲ.

ಎರಡು: ತಿಳಿದಿದ್ದರೂ ಹೊರಗೆಡಹಬಾರದು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಗೋಪ್ಯತೆಯನ್ನು ರಕ್ಷಿಸುತ್ತದೆ, ತಾರತಮ್ಯವನ್ನು ನಿಷೇಧಿಸುತ್ತದೆ. ಹೆಸರು ಬಯಲಾಗುವ ಭಯವಿದ್ದಲ್ಲಿ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಮೂರು: ಮಾತ್ರೆ ನಿಲ್ಲಿಸಬಾರದೆಂಬ ಮಾತು ಪ್ರತಿ ವಾರ್ಡ್ ಸಭೆಯಲ್ಲೂ ಕೇಳಿಬರಬೇಕು. 2004ರಿಂದ ಸರ್ಕಾರ ಎಆರ್‌ಟಿಯನ್ನು ಉಚಿತವಾಗಿ ನೀಡುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ದೃಢಪಟ್ಟವರೆಲ್ಲರಿಗೂ ಅದು ಲಭ್ಯ. ಉಡುಪಿ ಜಿಲ್ಲಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ. ಮಣಿಪಾಲದಲ್ಲಿ ಎಂಆರ್‌ಐ ಸೌಲಭ್ಯವೂ ನರರೋಗ ತಜ್ಞರೂ ಇದ್ದಾರೆ. ಆದರೂ ಕಾರ್ಕಳದ ಘಟ್ಟದ ಬುಡದಿಂದ ಬರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಕಾಪುವಿನಿಂದ ದಿನಗಟ್ಟಲೆ ಕಡಲಿಗಿಳಿಯುವವರಿಗೆ ಮಾತ್ರೆ ನಡುವೆಯೇ ಮುಗಿಯಬಹುದು. ಮುಂಚಿತವಾಗಿ ಕೇಂದ್ರದವರೊಂದಿಗೆ ಮಾತನಾಡಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರು ಎಲ್ಲರಿಗೂ ತಿಳಿಹೇಳಲಿ. ಉಚಿತ ಸಹಾಯವಾಣಿ 1097ನ್ನು ಪ್ರತಿ ಪಂಚಾಯತ್ ಕಚೇರಿಯ ಸೂಚನಾ ಫಲಕದಲ್ಲಿ ಬರೆಸುವುದು.