ಹೊಟ್ಟೆನೋವಿನ ಹಿಂದೆ ಅಡಗುವ ಇಲಿಜ್ವರ

(ಮಳೆಗಾಲದ ಆರೋಗ್ಯ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನವರಾದ ನಮಗೆ ಜ್ವರವೆಂದೊಡನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಆ ರೋಗ ಒಣಹವೆಯ ತಿಂಗಳುಗಳದು, ಉಣುಗಿನಿಂದ ಬರುವಂಥದು. ನಾನಿಂದು ಹೇಳಹೊರಟಿರುವುದು ಮಳೆಗಾಲದ ಇಲಿಜ್ವರವನ್ನು, ಎಂದರೆ ಲೆಪ್ಟೊಸ್ಪೈರೋಸಿಸ್ ಅನ್ನು ಕುರಿತು. ವಿಶೇಷವಾಗಿ ಅದು ಮೇದೋಜೀರಕ ಗ್ರಂಥಿಯ ಮೇಲೆ ಎರಗುವ ಅಪರೂಪದ ಬಗೆಯನ್ನು ಕುರಿತು.

ಕೆಲವು ವರ್ಷಗಳ ಹಿಂದೆ, ನಾಟಿಯ ದಿನಗಳಲ್ಲಿ, ಆಸ್ಪತ್ರೆಯೊಂದರಲ್ಲಿ ಒಬ್ಬ ಕೃಷಿ ಕೂಲಿಕಾರನನ್ನು ಕಂಡೆ. ಐದು ದಿನ ಜ್ವರವಿತ್ತು. ಮೀನಖಂಡಗಳ ನೋವನ್ನು ಆತ ದುಡಿಮೆಯ ಆಯಾಸವೆಂದು ಭಾವಿಸಿದ್ದ. ಕಣ್ಣು ಹಳದಿಯಾದಾಗ ಕಾಮಾಲೆಯೆಂದು ಸೊಪ್ಪಿನ ಔಷಧಿ ಕುಡಿದ. ಬಳಿಕ ಮೇಲುಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ತೀವ್ರ ನೋವು, ನಿಲ್ಲದ ವಾಂತಿ. ಪರೀಕ್ಷೆಯಲ್ಲಿ ಮೇದೋಜೀರಕದ ಉರಿಯೂತವೆಂದು ತಿಳಿಯಿತು. ಕೂಡಲೇ ಬಂದ ಪ್ರಶ್ನೆ: "ಎಷ್ಟು ವರ್ಷದಿಂದ ಕುಡಿಯುತ್ತೀಯ?" ಆತ ಕುಡಿಯುವವನೇ ಅಲ್ಲ. ಅವನ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು.

ಆ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಈ ಉರಿಯೂತಕ್ಕೆ ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನಗಳೇ ಮುಖ್ಯ ಕಾರಣಗಳು. ಆದರೆ ಕಳೆದ ಹದಿನೈದು ದಿನ ನಿನ್ನ ಕಾಲು ಎಲ್ಲಿದ್ದವು ಎಂದು ಯಾರೂ ಕೇಳಲಿಲ್ಲ. ಮೂತ್ರ ಕಡಿಮೆಯಾದ ಮೇಲಷ್ಟೇ ಇಲಿಜ್ವರದ ಸಂಶಯ ಹುಟ್ಟಿತು. ಆತ ಬದುಕಿದ, ಡಯಾಲಿಸಿಸ್‌ನ ಬಲದಿಂದ.

ಈ ರೋಗದ ತೀವ್ರರೂಪವನ್ನು 1886ರಲ್ಲಿ ಜರ್ಮನಿಯ ಅಡೋಲ್ಫ್ ವೈಲ್ ವರ್ಣಿಸಿದರು. ಜಪಾನಿನ ಇನಾಡ ಮತ್ತು ಇಡೊ 1915ರಲ್ಲಿ ರೋಗಾಣುವನ್ನು ಕಂಡುಹಿಡಿದರು. ಸುರುಳಿಯಾಕಾರದ ಈ ಅಣುಜೀವಿ ಇಲಿಯ ಮೂತ್ರಪಿಂಡದಲ್ಲಿ ವಾಸಿಸುತ್ತದೆ, ಇಲಿಗೆ ಮಾತ್ರ ಏನೂ ಆಗದು. ದನ, ಹಂದಿ, ನಾಯಿಗಳೂ ಇದನ್ನು ಹೊರಬಲ್ಲವು. ಮೂತ್ರದೊಡನೆ ನೀರಿಗೂ ಕೆಸರಿಗೂ ಸೇರಿ ವಾರಗಟ್ಟಲೆ ಉಳಿಯುತ್ತದೆ. ಕೆಸರುಹುಣ್ಣಿನ ಮೂಲಕ, ತರಚುಗಾಯದ ಮೂಲಕ, ಕಣ್ಣು ಬಾಯಿಗಳ ಮೂಲಕ ಒಳನುಗ್ಗುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಜ್ವರ ಕಾಣಿಸುತ್ತದೆ.

ರಕ್ತದೊಡನೆ ಹರಿಯುವ ರೋಗಾಣು ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳು ಹೀಗೆಯೇ ಹಾನಿಗೊಳ್ಳುತ್ತವೆ. ಮೇದೋಜೀರಕದಲ್ಲಿಯೂ ಇದೇ ನಡೆಯುತ್ತದೆಂದು ತಜ್ಞರು ಭಾವಿಸುತ್ತಾರೆ. ಆಹಾರವನ್ನು ಅರಗಿಸಬೇಕಾದ ರಸಗಳು ಗ್ರಂಥಿಯೊಳಗೇ ಚುರುಕುಗೊಂಡು ಗ್ರಂಥಿಯನ್ನೇ ಅರಗಿಸತೊಡಗುತ್ತವೆ. ಮಜ್ಜಿಗೆ ಕುಡಿದರೆ ಶಮನವಾಗುವ ನೋವಲ್ಲ ಅದು. ಗ್ಯಾಸ್ಟ್ರಿಕ್ ಎಂದು ತಿಳಿದು ಮಾತ್ರೆ ನುಂಗುತ್ತ ಕೂರುವಂತಿಲ್ಲ.

ವಿದ್ಯಾರ್ಥಿಗಳು ಒಂದು ತೊಡಕನ್ನು ಗಮನಿಸಬೇಕು. ಮೇದೋಜೀರಕ ಕೆಟ್ಟಾಗ ರಕ್ತದಲ್ಲಿ ಅಮೈಲೇಸ್ ಏರುತ್ತದೆ. ಆದರೆ ಅದನ್ನು ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ಪಾಲಿರುವುದರಿಂದ, ಮೂತ್ರಪಿಂಡ ಸೋತರೂ ಅದು ಏರಬಹುದು. ಇಲಿಜ್ವರದಲ್ಲಿ ಎರಡೂ ಸಾಧ್ಯ. ಆದುದರಿಂದ ನೋವಿನ ಲಕ್ಷಣ, ಲೈಪೇಸ್ ಪರೀಕ್ಷೆ, ಸ್ಕ್ಯಾನಿಂಗ್‌ಗಳನ್ನು ಜೊತೆಗಿಟ್ಟು ನೋಡಬೇಕಾಗುತ್ತದೆ. ಇಲಿಜ್ವರದ ಪ್ರತಿಕಾಯ ಪರೀಕ್ಷೆಯೂ ಮೊದಲ ವಾರದಲ್ಲಿ 'ಇಲ್ಲ' ಎಂದು ತೋರಿಸೀತು. ಅದನ್ನೇ ನಂಬಿ ಚಿಕಿತ್ಸೆಯನ್ನು ತಡೆಹಿಡಿಯಬಾರದು. ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್‌ಗಳು ದುಬಾರಿ ಔಷಧಗಳೇನಲ್ಲ, ಬೇಗ ಕೊಡಬೇಕು ಅಷ್ಟೇ. ಅಂಗಡಿಯ ನೋವುನಿವಾರಕ ಮಾತ್ರೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಕೇಡು.

2018ರ ಪ್ರವಾಹದ ನಂತರ ನೆರೆಯ ಕೇರಳದಲ್ಲಿ ಇಲಿಜ್ವರ ಹಬ್ಬಿದಾಗ ಆರೋಗ್ಯ ಇಲಾಖೆಯವರು ಮುಂಜಾಗ್ರತೆಯಾಗಿ ಡಾಕ್ಸಿಸೈಕ್ಲಿನ್ ಹಂಚಿದರು. ನಾವು ಅದನ್ನು ವೈದ್ಯರನ್ನು ಕೇಳದೆ ನುಂಗಬಾರದು, ಗರ್ಭಿಣಿಯರಂತೂ ಕೂಡದು. ಗದ್ದೆಗೆ, ತೋಟದ ಕಾಲುವೆಗೆ ಇಳಿಯುವವರು ಬೂಟು ಧರಿಸಲಿ ಎಂದು ಹೇಳುವುದು ಸುಲಭ, ಕೆಸರಿನಲ್ಲಿ ಬೂಟು ಹೂತುಹೋಗುತ್ತದೆಂಬುದನ್ನು ನಾನೂ ಬಲ್ಲೆ. ಕಾಲಿನ ಗಾಯಕ್ಕೆ ನೀರು ತಾಗದ ಪಟ್ಟಿಯನ್ನಾದರೂ ಕಟ್ಟಿ. ಕೊಟ್ಟಿಗೆ ತೊಳೆಯುವ ತಾಯಂದಿರೂ ಇದನ್ನು ಮರೆಯಬಾರದು.

ಇನ್ನೊಂದು ಮಾತು. ಅಂಗಳಕ್ಕೆ ಬಂದ ಕೇರೆಹಾವನ್ನು ಹೊಡೆಯುತ್ತೇವೆ, ಇಲಿಗೆ ವಿಷವಿಟ್ಟು ಆ ಇಲಿಯನ್ನು ತಿಂದ ಗೂಬೆಯನ್ನೂ ಕೊಲ್ಲುತ್ತೇವೆ. ಇಲಿಯನ್ನು ಹಿಡಿಯುವವರು ಮತ್ತೆ ಯಾರು?

ಜ್ವರ, ಮೀನಖಂಡದ ನೋವು, ಕೆಂಪೇರಿದ ಕಣ್ಣು, ಅದರ ಮೇಲೆ ಹೊಟ್ಟೆನೋವು ಇದ್ದರೆ ಆಸ್ಪತ್ರೆಯ ಬಾಗಿಲಲ್ಲಿಯೇ ಹೇಳಿ: "ನಾನು ಗದ್ದೆಯ ನೀರಿನಲ್ಲಿ ಕೆಲಸ ಮಾಡಿದ್ದೇನೆ." ಯಾರೂ ಕೇಳದಿದ್ದರೂ ಹೇಳಿ. ಈಗ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.