ಬೆಂಗಳೂರಿನಲ್ಲಿ ನಾವು ಹುಡುಕಿದ ಮಿಲ್ಲು

(ಮದ್ದೂರಿನಲ್ಲಿ ಸೇರಿದ್ದ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಮುಂದೆ ಆಡಿದ ಮಾತು)



ಬಹಳ ವರ್ಷಗಳ ಮೇಲೆ ನಾವು ಕೆಲವರು ಬೆಂಗಳೂರಿಗೆ ಹೋಗಿ ಎರಡು ದಿನ ಇದ್ದು ಬಂದೆವು. ಕಂಡದ್ದನ್ನು ಹೇಳಿ ಎಂದಿರಿ, ಹೇಳುತ್ತೇವೆ. 1951ರ ಜನಗಣತಿಯಲ್ಲಿ ಎಂಟು ಲಕ್ಷವೂ ತುಂಬದಿದ್ದ ನಗರ 2011ರ ಗಣತಿಗೆ 84 ಲಕ್ಷ ದಾಟಿತ್ತು. ಅಂಥ ಊರು ಗುರುತು ಸಿಗದಿದ್ದರೆ ಆಶ್ಚರ್ಯವೇನು? ಆದರೆ ಅಳಿಸಿಹೋದದ್ದು ಯಾರ ಗುರುತು ಎಂಬುದನ್ನು ನೋಡಬೇಕು.

ಮಲ್ಲೇಶ್ವರಕ್ಕೆ ಹೋದೆವು. ಜನ ರಾಜಾ ಮಿಲ್ ಎಂದು ಕರೆಯುತ್ತಿದ್ದ ಗಿರಣಿಯ ಜಾಗದಲ್ಲಿ 2010ರಿಂದ ಮಂತ್ರಿ ಸ್ಕ್ವೇರ್ ಎಂಬ ಮಾಲು ನಿಂತಿದೆ. ಪಾಳಿಯ ಶಂಖ ಕೂಗುತ್ತಿದ್ದ ಕಡೆ ಗಾಜಿನ ಗೋಡೆ, ತಾನೇ ಏರುವ ಮೆಟ್ಟಿಲು. 2014ರಲ್ಲಿ ಪಕ್ಕದಲ್ಲೇ ಮೆಟ್ರೋ ನಿಲ್ದಾಣ ತೆರೆದಾಗ ಅದಕ್ಕೂ ಮಾಲಿನ ಹೆಸರನ್ನೇ ಸೇರಿಸಿದರು. ತಲೆಮಾರುಗಟ್ಟಲೆ ನೂಲು ತೆಗೆದವರ ಹೆಸರು ಯಾರಿಗೂ ನೆನಪಾಗಲಿಲ್ಲ. 1884ರಲ್ಲಿ ಹುಟ್ಟಿದ ಬಿನ್ನಿ ಮಿಲ್ಲಿನ ನೆಲದಲ್ಲೂ ಈಗ ಮುಗಿಲೆತ್ತರದ ವಸತಿ ಕಟ್ಟಡಗಳು. ಮಿಲ್ಲು ಮುಚ್ಚಿದಾಗ ಹೋದದ್ದು ಕೆಲಸ ಮಾತ್ರ ಎಂದು ನಮ್ಮವರು ತಿಳಿದಿದ್ದರು. ನೆಲವೂ ಹೋಯಿತು.

ಮೆಟ್ರೋ ಒಳ್ಳೆಯ ಗಾಡಿ, ಇಲ್ಲವೆನ್ನಬಾರದು. ಚೊಕ್ಕಟವಾಗಿದೆ, ಹೊತ್ತಿಗೆ ಸರಿಯಾಗಿ ಬರುತ್ತದೆ. ಆದರೆ 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದರು. ದಿನಗೂಲಿಯವನು ಹತ್ತುವ ಮುನ್ನ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಇನ್ನೊಂದು ಬಡಾವಣೆಯಲ್ಲಿ ಒಂದು ದೊಡ್ಡ ಕಟ್ಟಡದ ಬಾಗಿಲಲ್ಲಿ ಕಾವಲು ನಿಂತಿದ್ದ ಹುಡುಗ ನಮ್ಮ ಮಾತಿನ ಧಾಟಿ ಕೇಳಿ, "ಯಾವೂರಣ್ಣ?" ಎಂದ. ಮಳವಳ್ಳಿ ತಾಲ್ಲೂಕಿನವನು. ಗುತ್ತಿಗೆದಾರನ ಹೆಸರು ಬಲ್ಲ, ಧಣಿ ಯಾರೆಂದು ತಿಳಿಯದು. ಸಂಘವಿದೆಯೇ ಎಂದರೆ ನಕ್ಕುಬಿಟ್ಟ. ಅವನಿರುವ ಬಾಡಿಗೆ ಕೋಣೆಗೆ ಟ್ಯಾಂಕರಿನ ನೀರಂತೆ, ಕಾಸು ಕೊಟ್ಟು ಕೊಳ್ಳಬೇಕಂತೆ. ಇದನ್ನು ಕೇಳಿ ನಮಗೆ ಹೊಟ್ಟೆ ಉರಿಯಿತು. 1974ರಿಂದ ಬೆಂಗಳೂರಿಗೆ ಕಾವೇರಿ ಏರುವುದೇ ಅವನ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ! ನೂರು ಕಿಲೋಮೀಟರಿನಷ್ಟು ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ನೀರು ತಳ್ಳುತ್ತಾರೆ. 2024ರ ಅಕ್ಟೋಬರ್ 16ರಂದು ಅಲ್ಲೇ ಐದನೇ ಹಂತವನ್ನೂ ಉದ್ಘಾಟಿಸಿದರು; ಆ ಒಂದು ಹಂತವೇ ದಿನಕ್ಕೆ 77 ಕೋಟಿ 50 ಲಕ್ಷ ಲೀಟರಿನದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದೂ ಶಿವನಸಮುದ್ರದ ವಿದ್ಯುತ್ತಿನಿಂದಲೇ. ನಗರ ಕುಡಿಯಲಿ, ಬೆಳಗಲಿ, ಬೇಡವೆನ್ನುವ ಜನ ನಾವಲ್ಲ. ನೀರು ಕೊಟ್ಟ ಊರಿನ ಕೂಲಿಕಾರ ಆ ನಗರದಲ್ಲಿ ಕೊಡಕ್ಕೆ ದುಡ್ಡು ಎಣಿಸುವುದು ಯಾವ ನ್ಯಾಯ?

ವರ್ತಕ ಮಿತ್ರರು ರಸ್ತೆಯ ಸಂಗತಿ ಕೇಳಿದರು. ಅದನ್ನು ನಿಮಗೆ ನಾವು ಹೇಳಬೇಕೆ? 2023ರ ಮಾರ್ಚ್ 12ರಂದು ಪ್ರಧಾನಿಯವರು ನಮ್ಮ ಜಿಲ್ಲೆಗೇ ಬಂದು ದಶಪಥ ಹೆದ್ದಾರಿ ಉದ್ಘಾಟಿಸಿದರು. ಅಂದಿನಿಂದ ಕಾರುಗಳು ಮದ್ದೂರನ್ನೂ ಮಂಡ್ಯವನ್ನೂ ಹೊರಗಿಟ್ಟೇ ಹಾರಿಹೋಗುತ್ತವೆ. ವಡೆ ಕರಿಯುವವನ ಬಾಣಲೆ ಆರಿತು, ಎಳನೀರಿನವನ ಗೊನೆ ಬಾಡಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯೂ ನಿಷಿದ್ಧ. ಇಕ್ಕೆಲದ ಸರ್ವಿಸ್ ರಸ್ತೆಯೇ ನಮ್ಮ ಪಾಲು.

ಈಗ ಮನೆಯ ವಿಷಯ. 1933ರಲ್ಲಿ ಸ್ಥಾಪನೆಯಾದ ನಮ್ಮ ಮೈಷುಗರ್ ಕೆಲವು ವರ್ಷ ನಿಂತುಹೋಗಿ, ರೈತರೂ ಕಾರ್ಮಿಕರೂ ಬೀದಿಗಿಳಿದ ಮೇಲೆ 2022ರಲ್ಲಿ ಸರ್ಕಾರದ ಕೈಯಲ್ಲೇ ಮತ್ತೆ ಕಬ್ಬು ಅರೆಯಿತು. ರಾಜಾ ಮಿಲ್ಲಿನ ಜಾಗ ನೋಡಿ ಬಂದ ಕಣ್ಣಿಗೆ ಮೈಷುಗರ್ ಕಾಂಪೌಂಡು ಬೇರೆಯಾಗಿ ಕಾಣುತ್ತದೆ. ಊರ ನಡುವಿನ ನೆಲ, ಆಸೆಪಡುವವರು ಇಲ್ಲದಿರುತ್ತಾರೆಯೇ? ಕಾರ್ಖಾನೆಗೆ ಸೇರಿದ ಭೂಮಿ ಎಷ್ಟು, ಗುತ್ತಿಗೆಗೆ ಹೋಗಿರುವುದೆಷ್ಟು, ಯಾರಿಗೆ, ಎಷ್ಟು ವರ್ಷಕ್ಕೆ ಎಂಬ ಲೆಕ್ಕ ನಮ್ಮ ಕೈಗೆ ಬರಬೇಕು. ಮಾಹಿತಿ ಹಕ್ಕಿನ ಕಾಯಿದೆ 2005ರಿಂದ ಇದೆ. ಅರ್ಜಿಗೆ ಹತ್ತು ರೂಪಾಯಿ. ಸಭೆ ಮುಗಿದ ಮೇಲೆ ಅರ್ಜಿಗೆ ರುಜು ಹಾಕುವವರು ಇಲ್ಲೇ ಉಳಿಯಿರಿ, ಕಾಗದ ತಂದಿದ್ದೇವೆ.