ಕಣ್ಣಿನ ಡಾಕ್ಟರಿಗೆ ಕಲಿಸಿದವರು ಯಾರು?

(ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಮಹಿಳಾ ಸಂಘಗಳ ಪ್ರತಿನಿಧಿಗಳಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ತುಮಕೂರಿನಲ್ಲಿ ನಡೆದ ತರಬೇತಿಯಲ್ಲಿ ಆಡಿದ ಮಾತುಗಳ ಬರಹರೂಪ)



ಕಣ್ಣಿನ ತಪಾಸಣೆಗೆ ಹೆಸರು ಬರೆಸಲು ಮನೆಮನೆಗೆ ಹೋದಾಗ ನಮಗೆ ಎದುರಾಗುವ ಪ್ರಶ್ನೆ ದುಡ್ಡಿನದಲ್ಲ ಅನ್ನೋದು ನಿಮಗೆಲ್ಲಾ ಗೊತ್ತಿದೆ. ಊಟ, ಬಸ್ಸು, ಕನ್ನಡಕ ಎಲ್ಲಾ ಉಚಿತ ಅಂದ ಮೇಲೂ ಹಿರಿಯರು ಜಗಲಿ ಬಿಟ್ಟು ಏಳೋದಿಲ್ಲ. ಅವರ ಪಕ್ಕ ಸ್ವಲ್ಪ ಹೊತ್ತು ಕೂತರೆ ಒಳಗಿನ ಮಾತು ಹೊರಗೆ ಬರುತ್ತೆ. "ದೊಡ್ಡಾಸ್ಪತ್ರೇಲಿ ಕಲಿಯೋ ಹುಡುಗ್ರು ಕೈ ಹಾಕ್ತಾರಂತಲ್ಲ ಸಿಸ್ಟರ್? ಬಡವರ ಕಣ್ಣು ಅಂದ್ರೆ ಅವ್ರಿಗೆ ಅಕ್ಷರ ತಿದ್ದೋ ಸ್ಲೇಟಾ?"

ಈ ಮಾತನ್ನು ಅಜ್ಞಾನ ಅಂತ ತಳ್ಳಿಹಾಕುವವರು ನಮ್ಮಲ್ಲೇ ಇದ್ದಾರೆ. ನಮ್ಮ ಮಟ್ಟಿಗೆ ಇದು ನ್ಯಾಯವಾದ ಪ್ರಶ್ನೆ. 2015ರಿಂದ 2019ರವರೆಗೆ ದೇಶದಲ್ಲಿ ಅಂಧತ್ವದ ರಾಷ್ಟ್ರೀಯ ಸಮೀಕ್ಷೆ ನಡೆಯಿತು. 50 ವರ್ಷ ದಾಟಿದವರ ಕುರುಡುತನದಲ್ಲಿ ಶೇ. 66.2ಕ್ಕೆ ಕಾರಣ ಆಪರೇಷನ್ ಆಗದೆ ಉಳಿದ ಪೊರೆ ಅಂತ ಅದರಲ್ಲಿ ಕಂಡುಬಂತು. ಈ ಅಂಕಿಯನ್ನು ಎಲ್ಲರೂ ಹೇಳ್ತಾರೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಯಾರೂ ಶಿಬಿರದ ಬ್ಯಾನರಿನಲ್ಲಿ ಬರೆಸೋದಿಲ್ಲ: ಶೇ. 7.2ರಷ್ಟು ಕುರುಡುತನಕ್ಕೆ ಕಾರಣ ಪೊರೆ ಆಪರೇಷನ್ನಿನ ತೊಡಕುಗಳೇ. ಅಂದರೆ ಆಪರೇಷನ್ ಮಾಡಿಸದೆ ಕಣ್ಣು ಕಳಕೊಂಡವರು ಬಹಳ, ಮಾಡಿಸಿಯೂ ಕಳಕೊಂಡವರು ಕೆಲವರು. ಎರಡೂ ನಿಜ. ಹಾಗಾಗಿ ಕತ್ತರಿ ಹಿಡಿಯುವ ಕೈಗೆ ಕಲಿಸಿದವರು ಯಾರು, ಅವರು ಎಲ್ಲಿ ಕಲಿತು ಬಂದವರು ಅಂತ ತಿಳಿದುಕೊಳ್ಳೋದು ನಮ್ಮ ಕೆಲಸವೇ.

ಮೊದಲು ಆ "ಕಲಿಯೋ ಹುಡುಗ್ರು" ಯಾರು ಅಂತ ನೋಡೋಣ. ಅವರು ಕಾಲೇಜು ಹುಡುಗರಲ್ಲ, ಆಗಲೇ ಡಾಕ್ಟರಾದವರು. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಆಮೇಲೆ ಪ್ರವೇಶ ಪರೀಕ್ಷೆ ಬರೆದು ಕಣ್ಣಿನ ವಿಷಯದಲ್ಲೇ ಮೂರು ವರ್ಷ. ವೈದ್ಯಕೀಯ ಕಾಲೇಜಿನಲ್ಲಿ ಓದಿದರೆ ಅದಕ್ಕೆ ಎಂ.ಎಸ್. ಅಂತಾರೆ. ದೊಡ್ಡ ಟ್ರಸ್ಟ್ ಆಸ್ಪತ್ರೆಗಳಲ್ಲಿ, ಖಾಸಗಿ ಕಣ್ಣಾಸ್ಪತ್ರೆಗಳಲ್ಲಿ ಓದಿದರೆ ಡಿ.ಎನ್.ಬಿ. ಹಿಂದೆ ಡಿ.ಒ. ಅಂತ ಎರಡು ವರ್ಷದ ಡಿಪ್ಲೊಮಾ ಓದಿ ಬಂದವರೂ ಬಹಳ ಮಂದಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹಳಬರ ಹೆಸರಿನ ಮುಂದೆ ಆ ಎರಡಕ್ಷರ ಕಂಡರೆ ಕಡಿಮೆ ಓದಿದವರು ಅಂತ ಮೂಗು ಮುರಿಯಬೇಡಿ. ಇಪ್ಪತ್ತು ಮೂವತ್ತು ವರ್ಷ ದಿನಾ ಪೊರೆ ತೆಗೆದ ಕೈ ಅದು.

ಕಲಿಸುವವರಾಗಬೇಕಾದರೆ ಇಷ್ಟು ಸಾಲದು. ಸಾಮಾನ್ಯವಾಗಿ ಎಂ.ಎಸ್. ಮುಗಿದ ಮೇಲೆ ಸೀನಿಯರ್ ರೆಸಿಡೆಂಟ್ ಆಗಿ ಒಂದು ವರ್ಷ, ಆಮೇಲೆ ಸಹಾಯಕ ಪ್ರಾಧ್ಯಾಪಕರು, ವರ್ಷಗಳು ಕಳೆದು ಸಹ ಪ್ರಾಧ್ಯಾಪಕರು, ಆಮೇಲೆ ಪ್ರಾಧ್ಯಾಪಕರು. ಇದರ ನಡುವೆ ಫೆಲೋಶಿಪ್ ಅಂತ ಒಂದು ಎರಡು ವರ್ಷ ಕಣ್ಣಿನ ಒಂದೇ ಭಾಗವನ್ನು ಹಿಡಿದು ಕಲಿತು ಬರುವವರಿದ್ದಾರೆ. ಒಬ್ಬರು ರೆಟಿನಾ, ಒಬ್ಬರು ಕಾರ್ನಿಯಾ, ಒಬ್ಬರು ಗ್ಲಾಕೋಮಾ, ಒಬ್ಬರು ಮಕ್ಕಳ ಕಣ್ಣು. ಕಣ್ಣು ನಿಂಬೆಹಣ್ಣಿಗಿಂತ ಚಿಕ್ಕದು, ಅದಕ್ಕೆ ಇಷ್ಟು ಜನ ಡಾಕ್ಟರಾ ಅಂತ ನಗಬೇಡಿ. ಸಕ್ಕರೆ ಕಾಯಿಲೆಯವರ ಕಣ್ಣಿನೊಳಗೆ ರಕ್ತ ಸೋರಿದಾಗ ಪೊರೆ ಡಾಕ್ಟರ ಹತ್ತಿರ ಅಲೆದಾಡಿ ದಿನ ಕಳೆದವರು ನಿಮ್ಮೂರಲ್ಲೇ ಇದ್ದಾರೆ.

ಇನ್ನು ಈ ಗುರುಗಳ ಹಿನ್ನೆಲೆ. ನಮ್ಮ ರಾಜ್ಯದಲ್ಲಿ ಎಲ್ಲರೂ ಒಂದೇ ಗರಡಿಯಿಂದ ಬಂದವರಲ್ಲ.

ಬೆಂಗಳೂರಿನ ಮಿಂಟೋ ಆಸ್ಪತ್ರೆ ಎಲ್ಲರಿಗೂ ಗೊತ್ತು. 1896ರಲ್ಲಿ ಸಣ್ಣದಾಗಿ ಶುರುವಾಗಿ, 1913ರಲ್ಲಿ ಈಗಿನ ಕಲ್ಲುಕಟ್ಟಡಕ್ಕೆ ಬಂತು. ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಅಲ್ಲಿ ಕಲಿತವರು, ಕಲಿಸಿದವರು ಸರ್ಕಾರಿ ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ಪಳಗಿದವರು. ಎಲ್ಲಾ ಜಿಲ್ಲೆಗಳಿಂದ ಕೈಬಿಟ್ಟ ಕೇಸುಗಳು ಅಲ್ಲಿಗೆ ಬರುತ್ತವೆ. ಕೆಟ್ಟ ಕಣ್ಣನ್ನು ನೋಡಿದಷ್ಟೂ ಡಾಕ್ಟರ ಕಣ್ಣು ಚುರುಕಾಗುತ್ತೆ ಅಂತ ಅಲ್ಲಿಂದ ಬಂದವರು ಹೇಳೋದನ್ನು ನಾವು ಕೇಳಿದ್ದೇವೆ. 1982ರಲ್ಲಿ ನಾರಾಯಣ ನೇತ್ರಾಲಯ ಕಟ್ಟಿದ ಡಾ. ಕೆ. ಭುಜಂಗ ಶೆಟ್ಟಿಯವರೂ ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದವರೇ. 2023ರಲ್ಲಿ ತೀರಿಕೊಂಡರು. ಅಂದರೆ ಖಾಸಗಿ ಆಸ್ಪತ್ರೆಯ ಗುರುವಿನ ಬೇರು ಸರ್ಕಾರಿ ಆಸ್ಪತ್ರೆಯಲ್ಲಿರುವುದು ಅಪರೂಪವೇನಲ್ಲ.

ಇನ್ನೊಂದು ಗರಡಿ ಶಿಬಿರದ್ದು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರ ಹೆಸರು ಕೇಳದ ಹಿರಿಯರು ನಮ್ಮ ಕಡೆ ಯಾರಿದ್ದಾರೆ? ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು, 1993ರ ಫೆಬ್ರವರಿವರೆಗೆ 6,10,564 ಆಪರೇಷನ್ ಆದದ್ದು ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಬಂದಿದೆ. 2005ರಲ್ಲಿ ಅವರು ಕಾಲವಾದರು. ಡಾಕ್ಟರು ಊರಿಗೇ ಬಂದು ಕಣ್ಣು ಕೊಟ್ಟು ಹೋಗುತ್ತಿದ್ದ ಕಾಲ ಅದು. ಈಗ ಹಾಗೆ ಶಾಲೆಯ ಹಾಲಿನಲ್ಲಿ, ಛತ್ರದಲ್ಲಿ ಆಪರೇಷನ್ ಮಾಡುವಂತಿಲ್ಲ. ತಪಾಸಣೆ ಊರಲ್ಲಿ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲಿ. ಸೋಂಕು ಒಮ್ಮೆ ಕಣ್ಣೊಳಗೆ ಹೊಕ್ಕರೆ ಕಣ್ಣು ಉಳಿಸೋದು ಕಷ್ಟ, ಅದಕ್ಕೇ ಈ ಬದಲಾವಣೆ. "ಆವಾಗ ಮೋದಿ ಡಾಕ್ಟ್ರು ಇಲ್ಲೇ ಮಾಡ್ತಿದ್ರು, ಈಗ್ಯಾಕೆ ಅಷ್ಟು ದೂರ" ಅಂತ ಅಜ್ಜಂದಿರು ಕೇಳಿದರೆ ಇದನ್ನು ಬಿಡಿಸಿ ಹೇಳಿ.

ಪಕ್ಕದ ತಮಿಳುನಾಡಿನ ಡಾ. ಜಿ. ವೆಂಕಟಸ್ವಾಮಿಯವರ ಕಥೆ ಇನ್ನೊಂದು ಬಗೆ. ಸಂಧಿವಾತದಿಂದ ಕೈಬೆರಳುಗಳೆಲ್ಲಾ ಸೊಟ್ಟಗಾದ ಮನುಷ್ಯ. ಆ ಬೆರಳುಗಳಲ್ಲೇ ಕಣ್ಣಿನ ಆಪರೇಷನ್ ಕಲಿತರು, ಸರ್ಕಾರಿ ಕಾಲೇಜಿನಲ್ಲಿ ಕಲಿಸಿದರು, ನಿವೃತ್ತರಾದ ಮೇಲೆ 1976ರಲ್ಲಿ ಮಧುರೈನಲ್ಲಿ 11 ಹಾಸಿಗೆಯ ಅರವಿಂದ್ ಆಸ್ಪತ್ರೆ ಶುರು ಮಾಡಿದರು. ಇವತ್ತು ನಮ್ಮ ರಾಜ್ಯದ ಡಾಕ್ಟರುಗಳೂ ತರಬೇತಿಗೆ ಅಲ್ಲಿಗೆ ಹೋಗುತ್ತಾರೆ. ಅಲ್ಲಿನ ಒಂದು ಸಂಗತಿ ನಿಮಗೆ ಮುಖ್ಯ. ಪಿ.ಯು.ಸಿ. ಮುಗಿಸಿದ ಹಳ್ಳಿ ಹೆಣ್ಣುಮಕ್ಕಳನ್ನು ತಂದು ಎರಡು ವರ್ಷ ತರಬೇತಿ ಕೊಟ್ಟು ಕಣ್ಣಿನ ಸಹಾಯಕಿಯರನ್ನಾಗಿ ಮಾಡುತ್ತಾರೆ. ದೃಷ್ಟಿ ಅಳೆಯೋದು, ಥಿಯೇಟರಿನಲ್ಲಿ ಸಲಕರಣೆ ಕೊಡೋದು, ರೋಗಿಯ ಜೊತೆ ಮಾತಾಡಿ ಧೈರ್ಯ ಹೇಳೋದು ಇವರ ಕೆಲಸ. ಹೊಸದಾಗಿ ಬಂದ ಡಾಕ್ಟರಿಗೆ ಥಿಯೇಟರಿನ ಶಿಸ್ತು ಕಲಿಸುವವರಲ್ಲಿ ಇಂಥ ಅಕ್ಕಂದಿರೂ ಇರುತ್ತಾರೆ. ಗುರು ಅಂದರೆ ಬರೀ ಪ್ರೊಫೆಸರ್ ಅಂತ ತಿಳಿಯಬೇಡಿ.

ಈಗ ಥಿಯೇಟರಿನೊಳಗೆ ಕಲಿಸೋದು ಹೇಗೆ ಅನ್ನೋದಕ್ಕೆ ಬರೋಣ, ಭಯ ಇರೋದು ಅಲ್ಲೇ.

ಕಲಿಯುವ ಡಾಕ್ಟರು ಮೊದಲ ದಿನವೇ ಮನುಷ್ಯರ ಕಣ್ಣಿಗೆ ಕೈ ಹಾಕೋದಿಲ್ಲ. ಕಸಾಯಿಖಾನೆಯಿಂದ ತಂದ ಮೇಕೆ ಕಣ್ಣಿನ ಮೇಲೆ, ಈಚೆಗೆ ಕಂಪ್ಯೂಟರ್ ಯಂತ್ರದ ಮೇಲೆ ಕೈ ಪಳಗಿಸುತ್ತಾರೆ. ಆಮೇಲೆ ನಿಜವಾದ ಆಪರೇಷನ್ನಿನಲ್ಲಿ ಒಂದೊಂದೇ ಹಂತ. ಒಂದಷ್ಟು ದಿನ ಬರೀ ಮರಗಟ್ಟಿಸುವ ಇಂಜೆಕ್ಷನ್ನು, ಒಂದಷ್ಟು ದಿನ ಗಾಯದ ಬಾಯಿ ಬಿಡಿಸೋದು, ಕೊನೆಯಲ್ಲಿ ಮಸೂರ ಕೂರಿಸೋದು. ಎಲ್ಲಕ್ಕಿಂತ ಕಷ್ಟದ ನಡುವಿನ ಹಂತ ಗುರುಗಳದೇ. ಹೀಗೆ ಬಿಡಿಬಿಡಿಯಾಗಿ ಕಲಿತದ್ದನ್ನು ಕೂಡಿಸಿ ಪೂರ್ತಿ ಆಪರೇಷನ್ ಕೈಗೆ ಬರಲು ತಿಂಗಳುಗಳು ಹಿಡಿಯುತ್ತವೆ. ಮೈಕ್ರೋಸ್ಕೋಪಿಗೆ ಇನ್ನೊಂದು ಜೊತೆ ನೋಟದ ಕೊಳವೆ ಇರುತ್ತೆ. ಶಿಷ್ಯ ನೋಡಿದ್ದನ್ನೇ ಗುರುವೂ ನೋಡುತ್ತಿರುತ್ತಾರೆ. ಮಸೂರದ ಹಿಂದೆ ಈರುಳ್ಳಿ ಪೊರೆಗಿಂತ ತೆಳ್ಳಗಿನ ಒಂದು ಚೀಲ ಇದೆ. ಅದು ಹರಿಯುವುದು ಹೊಸಬರ ಕೈಯಲ್ಲಿ ಹೆಚ್ಚು, ಇದನ್ನು ಮುಚ್ಚಿಡೋದು ಬೇಡ. ಹರಿದರೂ ಆ ಗಳಿಗೆಯಲ್ಲಿ ಪಕ್ಕದಲ್ಲಿರುವ ಅನುಭವಿ ಕೈ ಕತ್ತರಿ ತೆಗೆದುಕೊಂಡು ಸರಿಪಡಿಸಿದರೆ ಬಹಳ ಸಾರಿ ದೃಷ್ಟಿ ಉಳಿಯುತ್ತೆ. ಗುರು ಆಗ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದರೆ ಉಳಿಯೋದಿಲ್ಲ. ನಮ್ಮ ಭಯವನ್ನು ಇಡಬೇಕಾದ್ದು ಇಲ್ಲಿ.

ಹಳೆಯ ಗುರುಗಳು ತಾವೇ ಮತ್ತೆ ಮತ್ತೆ ಶಿಷ್ಯರಾಗಬೇಕಾಯಿತು ಅನ್ನೋದೂ ಗೊತ್ತಿರಲಿ. ಹಿಂದೆ ಇಡೀ ಮಸೂರ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಕಣ್ಣೊಳಗೆ ಕೃತಕ ಮಸೂರ ಇಡೋದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿದ್ದರೂ ನಮ್ಮ ಬಡವರಿಗೆ ಅದು ದಕ್ಕಲು ದಶಕಗಳೇ ಬೇಕಾದವು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಫೇಕೋ ಯಂತ್ರ ತಂದರು. ಇವತ್ತು ಅರವತ್ತರ ಹತ್ತಿರ ಇರುವ ಪ್ರೊಫೆಸರು ತಾವು ಓದುವಾಗ ಹೊಲಿಗೆ ಹಾಕುವ ದೊಡ್ಡ ಗಾಯದ ಆಪರೇಷನ್ ಕಲಿತವರು, ಆಮೇಲೆ ಹೊಲಿಗೆಯಿಲ್ಲದ ಸಣ್ಣ ಗಾಯದ್ದು, ಆಮೇಲೆ ಯಂತ್ರದ್ದು. "ಯಂತ್ರದಲ್ಲಿ ಮಾಡಿದ್ರೇನೇ ಒಳ್ಳೇದು" ಅಂತ ಊರಲ್ಲಿ ಒಂದು ಗುಸುಗುಸು ಇದೆ. ಹಾಗೇನಿಲ್ಲ. ವರ್ಷಗಟ್ಟಲೆ ಬಿಟ್ಟು ಕಲ್ಲಿನಂತೆ ಗಟ್ಟಿಯಾದ ಪೊರೆಗೆ ಯಂತ್ರವಿಲ್ಲದ ಸಣ್ಣ ಗಾಯದ ಆಪರೇಷನ್ನೇ ಎಷ್ಟೋ ಸಾರಿ ಸುರಕ್ಷಿತ. ಅದನ್ನು ಚೆನ್ನಾಗಿ ಕಲಿಸಬಲ್ಲವರು ಬೇಕು ಅಷ್ಟೆ.

ಕಾರ್ನಿಯಾ ಡಾಕ್ಟರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ನಮ್ಮದು ರಾಗಿ ಸೀಮೆ. ಒಕ್ಕಣೆ ಕಾಲದಲ್ಲಿ ಕಣ್ಣಿಗೆ ಹೊಟ್ಟು ಬೀಳುತ್ತೆ, ತೋಟದಲ್ಲಿ ಗರಿ ತಾಗುತ್ತೆ. ಎದೆಹಾಲು ಬಿಡೋದು, ಹರಳೆಣ್ಣೆ ಬಿಡೋದು, ಅಂಗಡಿಯಿಂದ ಯಾವುದೋ ಡ್ರಾಪ್ಸ್ ತಂದು ಹಾಕೋದು ಆಗುತ್ತೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹುಣ್ಣು ಉಲ್ಬಣಿಸುತ್ತೆ. ಗಾಯದಲ್ಲಿ ಶಿಲೀಂಧ್ರ ಸೇರಿದೆಯೋ ಬ್ಯಾಕ್ಟೀರಿಯಾ ಸೇರಿದೆಯೋ ಅಂತ ಕೆರೆದು ಗಾಜಿನ ಮೇಲೆ ಹಚ್ಚಿ ನೋಡಿ ಔಷಧಿ ಕೊಡಬೇಕು. ಅದನ್ನು ಬಲ್ಲ ಗುರು ಇರುವ ಆಸ್ಪತ್ರೆಗೆ ಬೇಗ ಮುಟ್ಟಿದರೆ ಕಣ್ಣಿಗೆ ಹೂ ಬೀಳೋದು ತಪ್ಪೀತು. ಹೂ ಬಿದ್ದ ಮೇಲೆ ಉಳಿಯೋದು ಕಸಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅದು ಹೇಗೆ ಅಂತ ಬಹಳ ಜನ ಕೇಳಿದರು. ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ, ಯಾರಿಗೆ ಯಾವುದು ಕೆಟ್ಟಿದೆಯೋ ಅದನ್ನಷ್ಟೇ ಕೂರಿಸಿದರು. ಅರ್ಧ ಮಿಲಿಮೀಟರಿನಷ್ಟು ದಪ್ಪದ್ದನ್ನು ಸೀಳುವ ಕೆಲಸ. ಎಂ.ಎಸ್. ಒಂದರಿಂದ ಇದು ಬರೋದಿಲ್ಲ, ಆ ವಿಷಯದ ಗುರುವಿನ ಬಳಿ ಇದ್ದು ಕಲಿತೇ ಆಗಬೇಕು.

ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಿಷಯ ಆಶಾ ಅಕ್ಕಂದಿರಿಗೆ. 34 ವಾರಕ್ಕೆ ಮುಂಚೆ ಹುಟ್ಟಿದ್ದರೆ ಅಥವಾ 2 ಕಿಲೋಗಿಂತ ಕಡಿಮೆ ಇದ್ದರೆ ಹುಟ್ಟಿದ 30 ದಿನದೊಳಗೆ ಕಣ್ಣಿನ ಪರದೆ ನೋಡಿಸಬೇಕು. ಇದನ್ನು ನೋಡಬಲ್ಲ ಡಾಕ್ಟರು ಕಡಿಮೆ. ಅದಕ್ಕೇ 2008ರಲ್ಲಿ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ ಕಿಡ್ರಾಪ್ ಅನ್ನುವ ಯೋಜನೆ ಶುರು ಮಾಡಿತು. ತರಬೇತಾದ ತಂತ್ರಜ್ಞರು ಕ್ಯಾಮರಾ ತೆಗೆದುಕೊಂಡು ಊರಿನ ಆಸ್ಪತ್ರೆಗೇ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿ ಕೂತ ತಜ್ಞರು ನೋಡುತ್ತಾರೆ. ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ ಅಂಥ ಕೂಸು ಹುಟ್ಟಿದ್ದು ಕಿವಿಗೆ ಬಿದ್ದರೆ ಬಾಣಂತನ ಮುಗೀಲಿ ಅಂತ ಕಾಯಬೇಡಿ.

ಕಡೇದಾಗಿ ನಾವು ಮಾಡಬೇಕಾದ್ದು. ತುಮಕೂರಿನಲ್ಲಿ 1988ರಲ್ಲಿ ಶುರುವಾದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು, 2013ರ ಶ್ರೀದೇವಿ ಕಾಲೇಜು ಇವೆ, ಜಿಲ್ಲಾಸ್ಪತ್ರೆ ಇದೆ, ಎಪ್ಪತ್ತು ಕಿಲೋಮೀಟರಿಗೆ ಬೆಂಗಳೂರು ಇದೆ. ಎಲ್ಲಿಗೆ ಕರೆದುಕೊಂಡು ಹೋದರೂ ಮೂರು ಮಾತು ವಿನಯದಿಂದ ಕೇಳಿ. ಆಪರೇಷನ್ ಮಾಡೋರು ಯಾರು? ಕಲಿಯುವವರಾದರೆ ಪಕ್ಕದಲ್ಲಿ ನಿಲ್ಲೋ ಹಿರಿಯರು ಯಾರು? ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು? ಒಂದು ಕಡೆ, ಹೆಸರು ಬೇಡ, ನಾವು ಹೀಗೆ ಕೇಳಿದ್ದಕ್ಕೆ "ಪುಕ್ಕಟೆ ಆಪರೇಷನ್ನಿಗೆ ಇಷ್ಟೆಲ್ಲಾ ಪ್ರಶ್ನೆನಾ?" ಅಂದರು. ಪುಕ್ಕಟೆ ಅಲ್ಲ. ಆ ಹಿರಿಯರು ತಮ್ಮ ಕಣ್ಣನ್ನು ಕೊಟ್ಟು ಇನ್ನೊಬ್ಬ ಡಾಕ್ಟರನ್ನು ತಯಾರು ಮಾಡುತ್ತಿದ್ದಾರೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮುಂಚೆ ಅದರಲ್ಲಿ ಏನಿದೆ ಅಂತ ಓದಿ ಹೇಳುವಷ್ಟು ಋಣ ಆಸ್ಪತ್ರೆಗಿದೆ. ಅವರು ಓದದಿದ್ದರೆ ನೀವು ಓದಿ.

ಆಪರೇಷನ್ ಆದ ಮೊದಲ ವಾರ ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ಬಂದ ದೃಷ್ಟಿ ಮಂಜಾದರೆ ಬೆಳಗಾಗಲಿ ಅಂತ ಕಾಯದೆ ಅದೇ ಆಸ್ಪತ್ರೆಗೆ ವಾಪಸ್ಸು. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದ ಚೀಟಿಗಳು ಆ ಮೇಜಿನ ಮೇಲಿವೆ. ಊಟಕ್ಕೆ ಏಳುವ ಮುಂಚೆ ಪ್ರತಿ ಸಂಘದವರೂ ನಿಮ್ಮೂರಿನ ಹೆಸರಿನ ಪಟ್ಟಿಗೆ ತಕ್ಕಷ್ಟು ಎಣಿಸಿಕೊಂಡು ಹೋಗಿ. ಪ್ರಶ್ನೆಗಳಿದ್ದರೆ ಊಟ ಆದ ಮೇಲೆ ಕೂರೋಣ.